ನರ್ಸಮ್ಮನ ಬಿಳಿ ಬೆರಳು

ನರ್ಸಮ್ಮನ ಬಲಗೈ ತೋರುಬೆರಳ ತುದಿಯಲ್ಲಿ ಅವರೆಕಾಳಿನಗಲ ಒಂದು ಬಿಳಿ ಮಚ್ಚೆಯಿತ್ತು. ಉಳಿದ ಕೈಯೆಲ್ಲ ನನ್ನ ಹಾಗೇ ಕಪ್ಪು. ಗುಂಡ್ಲುಪೇಟೆಯ ಚರ್ಮದ ಡಾಕ್ಟರ ಕ್ಲಿನಿಕ್ಕಿನಲ್ಲಿ ಅವರ ಕೆಲಸ. ಮಂಜುಗಡ್ಡೆಗಿಂತ ತಣ್ಣಗಿನ ನೈಟ್ರೋಜನ್ ತುಂಬಿದ ಕ್ಯಾನಿನಿಂದ ಎಂದೋ ತೊಟ್ಟು ಸಿಡಿದು ಸುಟ್ಟದ್ದಂತೆ. "ತಣ್ಣಗಿರೋದೂ ಸುಡ್ತದ ಕಣವ್ವ" ಎಂದು ಬೆರಳು ತೋರಿಸುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಕುತ್ತಿಗೆಯ ಕಲೆಗೆ. ಥೈರಾಯ್ಡ್ ಗಡ್ಡೆ ತೆಗೆಸಿದ ಮೇಲೆ ಹೊಲಿಗೆ ಹಾಕಿದ ಕಡೆ ಮಾಂಸ ಬೆಳೆಯತೊಡಗಿತ್ತು. ಮೊದಲು ದಾರದ ಹಾಗಿದ್ದದ್ದು ಆರು ತಿಂಗಳಿಗೆ ಎರೆಹುಳದಷ್ಟು ದಪ್ಪವಾಗಿ, ಕೆಂಪಗೆ, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ತುರಿಕೆ ಬೇರೆ. ಮನೆಯ ಕನ್ನಡಿಯನ್ನು ನಾನೇ ಗೋಡೆಗೆ ತಿರುಗಿಸಿಟ್ಟಿದ್ದೆ.

ಹಂಗಳದಿಂದಾಚೆಗಿನ ನಮ್ಮೂರ ಶಾಲೆಯಲ್ಲಿ ನಾನು ಬಿಸಿಯೂಟದ ಅಡುಗೆಯವಳು. ನಾಲ್ಕೈದು ತಾಯಂದಿರು ಹೆಡ್‌ಮಾಸ್ಟರ ಮುಂದೆ ನಿಂತು, "ಅದ ನೋಡ್ಕಂಡು ಮಕ್ಳು ಹೆಂಗುಣ್ತವ ಸಾ? ಅಂಟ್ಕಂಡ್ರ?" ಎಂದರು. ಅವರಲ್ಲೊಬ್ಬಳ ಬಾಣಂತನಕ್ಕೆ ನೀರು ಕಾಯಿಸಿ ಹುಯ್ದವಳು ನಾನೇ. ಥೂ, ಏನು ಜನವೋ. ಕಲೆ ಇಳಿಯುವವರೆಗೆ ಒಲೆಯ ಹತ್ತಿರ ಬರಬೇಡ, ಜೂನಿಗೂ ಹೀಗೇ ಇದ್ದರೆ ಬೇರೆಯವರನ್ನು ಹುಡುಕಬೇಕಾಗುತ್ತದೆ ಎಂದು ಹೆಡ್‌ಮಾಸ್ಟರು ನೆಲ ನೋಡುತ್ತ ಹೇಳಿದರು.

"ಅಂಟೂ ಇಲ್ಲ, ಗಿಂಟೂ ಇಲ್ಲ. ಹೊಲ್ದಿದ್ ಜಾಗಕ್ಕ ಮೈಯಿ ಜಾಸ್ತಿ ತೇಪೆ ಹಾಕ್ಬುಟ್ಟದ, ಅಷ್ಟೇಯ" ಎಂದರು ನರ್ಸಮ್ಮ. ಡಾಕ್ಟರು ಆ ಹೊಗೆಯಾಡುವ ಚಳಿಯನ್ನು ಕಲೆಯ ಮೇಲೆ ಬಿಡುವಾಗ ಇವರು ನನ್ನ ತಲೆ ಹಿಡಿದು ಒಂದು, ಎರಡು ಎಂದು ಇಪ್ಪತ್ತರವರೆಗೆ ಎಣಿಸಿದರು. ಕಲೆ ಬೆಳ್ಳಗೆ ಕಲ್ಲಾಯಿತು. ಆಮೇಲೆ ಉರಿಯೋ ಉರಿ. "ಬೊಬ್ಬೆ ಏಳ್ತದ, ನೀರು ಸೋರ್ತದ. ಕೈ ಮಡಗಬ್ಯಾಡ" ಎಂದು ಕಳಿಸಿದರು.

ಬೊಬ್ಬೆ ಎದ್ದದ್ದು ನೋಡಿ ನನ್ನ ಅತ್ತೆ ತಡೆಯಲಿಲ್ಲ. "ಮಾಂಸಕ್ಕ ಶೀತ ನುಗ್ಗಿಸ್ಬುಟ್ಟವ್ರ ಕಣಮ್ಮಿ, ಶಾಖ ಕೊಡ್ದಿದ್ರ ಕತ್ತು ಸೆಟ್ಕಂಡೋಯ್ತದ" ಎಂದರು. ಬಾಣಂತಿಗೂ ಶಾಖ, ಕೂಸಿನ ಹೊಟ್ಟೆಗೂ ಶಾಖ, ಉಳುಕಿದ ಕಾಲಿಗೂ ಶಾಖ ಎಂದು ಬೆಳೆದವರು ನಾವು. ನಾನೂ ದಡ್ಡಿ, ಕತ್ತು ಒಡ್ಡಿದೆ. ಹರಳೆಣ್ಣೆ ಅದ್ದಿದ ಬಟ್ಟೆಯನ್ನು ಕೆಂಡದ ಮೇಲೆ ಕಾಯಿಸಿ ಎರಡು ದಿನ ಒತ್ತಿದರು. ಬೊಬ್ಬೆ ಒಡೆದು ಕೀವಾಯಿತು. ನಾಲ್ಕನೆಯ ದಿನ ಗುಂಡ್ಲುಪೇಟೆಯ ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು ಎದ್ದು ಹೋದಳು.

ಕ್ಲಿನಿಕ್ಕಿನಲ್ಲಿ ಕತ್ತಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ನರ್ಸಮ್ಮನ ಕೈ ಗೇಣುದ್ದ ಹಿಂದಕ್ಕೆ ಹೋಯಿತು. ನಾನು ನೋಡಿಬಿಟ್ಟೆ.

"ನಿಮ್ಗೂ ಅಸಯ್ಯ ಆಯ್ತಲ್ವಾ?" ಎಂದೆ, ಸಿಟ್ಟಿನಿಂದ.

"ಆಗ್ದೆ ಇದ್ದದಾ? ದಿನಾ ಆಯ್ತದ. ಇಪ್ಪತ್ತು ವರ್ಸ ಆಯ್ತು, ಇವತ್ಗೂ ಒಂದೊಂದ್ ದಿನ ಮಧ್ಯಾನ ಉಣ್ಣಕ್ಕಾಗದಿಲ್ಲ. ಕೈ ಹಿಂದಕ್ಕೋಯ್ತದ ಕಣವ್ವ. ಮತ್ತ ಮುಂದಕ್ಕ ತರ್ಬೇಕು."

ಹೇಳುತ್ತಲೇ ಕೀವು ಒರೆಸಿ ತೊಳೆದರು. ಆಮೇಲೆ ನನ್ನ ಅತ್ತೆಗೆ ಫೋನು ಮಾಡಿಸಿ, "ಸುಟ್ಟಿರೋ ಜಾಗನ ಇನ್ನೊಂದ್ ಸಲ ಸುಟ್ಟಿದೀಯಲ್ಲವ್ವ, ನಿನ್ ಕೈಗ ನಾನೂ ಹಂಗೇ ಮಾಡ್ಲಾ?" ಎಂದು ಚೆನ್ನಾಗಿ ಉಗಿದರು. ವಾರವಿಡೀ ದಿನಾ ಕರೆಸಿ ಗಾಯ ತೊಳೆದರು.

ಗಾಯ ಒಣಗಿದ ಮೇಲೆ ತಿಂಗಳಿಗೊಂದರಂತೆ ಇನ್ನೂ ಐದು ಸಲ ಚಳಿ ಕೊಟ್ಟರು. ಕಲೆ ಕೂತು ಒಂದು ಬಿಳಿ ಗೆರೆಯಾಯಿತು. ಜೂನಿನಲ್ಲಿ ನಾನು ಮತ್ತೆ ಒಲೆ ಹಚ್ಚಿದೆ. ಅದೇ ತಾಯಂದಿರು ಊಟದ ರುಚಿ ನೋಡಲು ಶಾಲೆಗೆ ಬಂದು ನನ್ನ ಸಾಂಬಾರು ಸುರಿದುಕೊಂಡು, "ನಿನ್ ಕೈ ರುಚಿ ಯಾರ್ಗೂ ಬರದಿಲ್ಲ ಬುಡು" ಎಂದರು. ಅವರು ಬಾಯಿ ಚಪ್ಪರಿಸುವುದನ್ನು ನೋಡಿದರೆ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ.

ಹೋದ ವರ್ಷ ನರ್ಸಮ್ಮನಿಗೆ ಶುಗರ್ ಏರಿ ಕಾಲಿನ ಹುಣ್ಣು ಕೊಳೆಯಿತು. ಆಸ್ಪತ್ರೆಯವರು ಇನ್ನು ಆಗದು ಎಂದು ಮನೆಗೆ ಕಳಿಸಿದ್ದರು. ನೋಡಲು ಹೋದೆ. ಅವರ ತಮ್ಮನ ಮನೆಯವರು ಅವರನ್ನು ಹೊರಕೋಣೆಯಲ್ಲಿ ಮಲಗಿಸಿ, ಬಾಗಿಲಿಗೆ ಊದುಬತ್ತಿ ಸಿಕ್ಕಿಸಿದ್ದರು. ಹೊಸ್ತಿಲಲ್ಲೇ ವಾಸನೆ ಮುಖಕ್ಕೆ ಹೊಡೆಯಿತು. ಕಾಲಿನ ಬಟ್ಟೆ ಬಿಚ್ಚಲು ಹೋದ ನನ್ನ ಕೈ ಹಿಂದಕ್ಕೆ ಬಂತು. ಅವರು ನೋಡಿಬಿಟ್ಟರು.

"ಅಸಯ್ಯ ಆಯ್ತಾ?"

"ಆಯ್ತು" ಎಂದೆ. ಅವರ ಮುಂದೆ ಸುಳ್ಳು ಬರಲಿಲ್ಲ.

"ಸರಿ ಬುಡು. ಅಲ್ಲಿ ಬಿಸ್ನೀರದ, ಗ್ಲೌಸದ."

ನಾನು ತೊಳೆಯುತ್ತಿದ್ದರೆ ಅವರು ಕಣ್ಣು ಮುಚ್ಚಿ ಒಂದು, ಎರಡು ಎಂದು ಎಣಿಸುತ್ತಿದ್ದರು. ಇಪ್ಪತ್ತಾದ ಮೇಲೆ ಮತ್ತೆ ಒಂದರಿಂದ. ಶಾಲೆ ಮುಗಿಸಿ ದಿನಾ ಹೋಗತೊಡಗಿದೆ. ಎರಡು ವಾರವೂ ತುಂಬಲಿಲ್ಲ, ತೀರಿಕೊಂಡರು.

ಮೈ ತೊಳೆಸುವಾಗ ಹೆಂಗಸರೆಲ್ಲ ತಲೆಯ ಕಡೆಗೇ ಗುಂಪುಗೂಡಿದ್ದರು. ಕಾಲಿನ ಕಡೆ ಯಾರೂ ಇರಲಿಲ್ಲ. ನಾನು ಚೆಂಬು ತೆಗೆದುಕೊಂಡು ಹೋಗಿ ಕೂತೆ. ಕೈ ಅವತ್ತೂ ಒಮ್ಮೆ ಹಿಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ತಂದೆ.