ಅಳಿಯನಿಗೆ ಕೇಳಿಸದ ‘ಲ್’

ಮಹಡಿಯ ಮೇಲಿನ ಸೋಲಾರ್ ವಾಟರ್ ಹೀಟರ್ ಒರೆಸುವಾಗಲೆಲ್ಲ ಐ.ಡಿ.ಹಳ್ಳಿಯ ಅಜ್ಜಿ ನೆನಪಾಗುತ್ತಾಳೆ. ಸೌದೆ ಉಳಿಸಲೆಂದು ಅವಳು ಮಸಿ ಹಿಡಿದ ಹಂಡೆಯನ್ನು ಹಿತ್ತಲಿನ ಹಾಸುಬಂಡೆಯ ಮೇಲಿಟ್ಟು ಬಿಸಿಲಿನಲ್ಲೇ ನೀರು ಕಾಯಿಸುತ್ತಿದ್ದಳು. ನಮ್ಮೆಲ್ಲರ ಸ್ನಾನ ಮಧ್ಯಾಹ್ನ ಮೂರರ ಮೇಲೆಯೇ.

ಸೋದರತ್ತೆಯ ಮದುವೆಯಾದ ಹೊಸತರಲ್ಲಿ ಶಿರಾದಿಂದ ಮಾವ ಬಂದರು. ಹೊಸ ಅಳಿಯನೆಂದು ಮೈತುಂಬ ಹರಳೆಣ್ಣೆ ಹಚ್ಚಿದರು. ಅವತ್ತು ಬೆಳಗಿನಿಂದಲೂ ಮೋಡ.

“ಬಿಸಿಲ್ನೀರು ಐತೆ, ಉಯ್ಕಳಿ ಅಳಿಯಂದ್ರೆ,” ಎಂದಳು ಅಜ್ಜಿ.

ಮೊದಲ ಚೊಂಬಿಗೇ ಮಾವ ಎಣ್ಣೆಮೈಯಲ್ಲಿ ಬಚ್ಚಲಿನಿಂದ ಹೊರಗೆ ಹಾರಿದರು. “ಬಿಸಿನೀರು ಅಂದ್ರಲ್ಲತ್ತೆ?”

“ಬಿಸಿಲ್ನೀರು ಅಂದೆ ಕಣಪ್ಪ. ಬಿಸ್ಲೇ ಬರ್ದಿದ್ರೆ ನಾನೇನ್ ಮಾಡ್ಲಿ?”

ಇವತ್ತೂ ಮೋಡ ಕವಿದಿದೆ. ಬಚ್ಚಲಿನಿಂದ ನನ್ನ ಯಜಮಾನರು ಹಲ್ಲು ಕಟಕಟಿಸುತ್ತ ಕೇಳಿದರು, “ನೀರು ಕಾಯ್ತಿದೆ ಅಂದ್ಯಲ್ಲೇ?”

“ಹೂಂ ಕಣ್ರೀ, ಬೆಳಗ್ಗೆಯಿಂದ ಕಾಯ್ತಾನೇ ಇದೆ, ಬಿಸಿಲು ಯಾವಾಗ ಬರುತ್ತೋ ಅಂತ.”