ಇಲ್ಲದ ಮುದುಕನ ಮೇಲೆ ಹೊಟ್ಟೆಕಿಚ್ಚು

ಬೆಳಗಿನ ಜಾವ. ಮೊದಲ ರೈಲು ಇನ್ನೂ ಹೋಗಿಲ್ಲ. ಹಾಯ್ ಮಾಮನ ಮೀನಿನಂಗಡಿಯ ಗಾಜಿನ ಮುಂದೆ ತ್ರುಕ್ ಒದ್ದೆ ಬಟ್ಟೆ ಹಿಡಿದು ನಿಂತಿದ್ದಾಳೆ, ಪಕ್ಕದಲ್ಲಿ ಅವಳ ಕಥೆ ಬರೆದುಕೊಳ್ಳಲು ಪೆನ್ನು ಹಿಡಿದು ನಾನು. ನಿನ್ನೆ ತಾನೇ ಬರೆದ ಬರಾಮುಂಡಿ ಮೀನಿನ ದರವನ್ನು ಉಜ್ಜಿ ಅಳಿಸುತ್ತಾಳೆ, ಅದೇ ಜಾಗದಲ್ಲಿ ಇವತ್ತಿನದನ್ನು ಬರೆಯುತ್ತಾಳೆ. ಕೆಂಪು ಅಂಕಿ, ಹಳದಿ ಅಂಚು, ಪಕ್ಕದಲ್ಲಿ ಬಾಲ ಎತ್ತಿದ ಒಂದು ಮೀನು. ಜುಲೈ ತಿಂಗಳ ಚಳಿಗೆ ಬೆರಳು ಸೆಟೆದುಕೊಳ್ಳುತ್ತವೆ, ಆದರೆ ಗೆರೆ ಮಾತ್ರ ಅಲುಗುವುದಿಲ್ಲ.

"ಸತ್ತಿರೋ ಮೀನಿಗೆ ನಗು ಯಾಕಮ್ಮ ಬರ್ದೆ?" ಐಸು ಸುರಿಯುತ್ತಲೇ ಹಾಯ್ ಮಾಮ ಕೇಳುತ್ತಾನೆ.

"ನಿಮ್ಮ ರೇಟು ನೋಡಿ ನಗ್ತಿದೆ ಮಾಮ."

ಲಾಮ್ ತ್ರುಕ್‌ಗೆ ಇಪ್ಪತ್ತಾರು ವರ್ಷ. ಹುಟ್ಟಿದ್ದು, ಬೆಳೆದದ್ದು ಮೆಲ್ಬರ್ನಿನ ಪಶ್ಚಿಮಕ್ಕಿರುವ ಈ ನಮ್ಮ ಕೇರಿಯಲ್ಲೇ. ತಾತ ಸೈಗಾನಿನಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ದೋಣಿ ಹತ್ತಿ ಬರುವಾಗ ಕುಂಚ ತರಲಾಗಲಿಲ್ಲ, ತಾವು ಬರೆದ ಒಂದು ಬೋರ್ಡಿನ ಫೋಟೊ ಮಾತ್ರ ತಂದರು. ಅದನ್ನು ನೋಡಿ ನೋಡಿಯೇ ಮೊಮ್ಮಗಳು ಅಕ್ಷರ ತಿದ್ದಿದಳು. ಆಮೇಲೆ ಚಿತ್ರಕಲಾ ಶಾಲೆಗೂ ಹೋಗಿಬಂದಳು. ಈಗ ಮಧ್ಯಾಹ್ನದೊಳಗೆ ಏಳೆಂಟು ಅಂಗಡಿಗಳ ಗಾಜು ಬರೆಯುತ್ತಾಳೆ, ಮರುದಿನ ಬಂದು ಎಲ್ಲವನ್ನೂ ತಾನೇ ಅಳಿಸುತ್ತಾಳೆ.

ಮೊದಲು ಇಪ್ಪತ್ತು ಅಂಗಡಿಗಳಿದ್ದವು. ಕೋಳಿ ಅಂಗಡಿ ಹೋಗಿ ವೈನಿನಂಗಡಿ ಬಂತು, ಅಕ್ಕಿ ಮಂಡಿ ಹೋಗಿ ನಾಯಿಗಳಿಗೆ ಸ್ನಾನ ಮಾಡಿಸುವ ಅಂಗಡಿ ಬಂತು. ಹೊಸಬರು ಗಾಜಿನ ಮೇಲೆ ಬೆಲೆ ಬರೆಸುವುದೇ ಇಲ್ಲ. ಬರೆಸಿದರೆ ಯಾರೂ ಒಳಗೆ ಕಾಲಿಡುವುದಿಲ್ಲವೇನೋ.

ತ್ರುಕ್ ಇರುವುದು ಚಿಕ್ಕಮ್ಮ ಲಿಯೆನ್ ಅವರ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ. ಅವಳ ಸಂಕಟವೆಲ್ಲ ಇರುವುದು ಆ ಅಂಗಡಿಯ ಪಕ್ಕದ ಗೋಡೆಯಲ್ಲಿ. ನಾಲ್ಕು ವರ್ಷದ ಹಿಂದೆ ಆ ಕಡೆ ಒಂದು ಗ್ಯಾರೇಜಿತ್ತು. ಕಾರು ರಿಪೇರಿಗೆ ಬಿಟ್ಟು ಅಂಗಳದಲ್ಲಿ ಆಕಳಿಸುತ್ತಾ ಕೂತವರು ಓದಿಕೊಂಡಾದರೂ ಬರಲಿ ಎಂದು ಚಿಕ್ಕಮ್ಮ ಗೋಡೆ ತುಂಬ ಅಂಗಡಿಯ ಹೆಸರು ಬರೆಸಿದರು. ಒಳ್ಳೆಯ ಬಣ್ಣಕ್ಕೆ ದುಡ್ಡಿರಲಿಲ್ಲ. ಇದ್ದ ಅಗ್ಗದ ಬಣ್ಣಕ್ಕೇ ತ್ರುಕ್ ಧಾರಾಳವಾಗಿ ಟರ್ಪೆಂಟೈನ್ ಸುರಿದು ತೆಳುವಾಗಿಸಿ, ತಾತನ ಫೋಟೊದಲ್ಲಿದ್ದ ಅಕ್ಷರಗಳನ್ನೇ ದೊಡ್ಡದು ಮಾಡಿ ಬರೆದಳು. ಗೋಡೆಯ ಮುಖ ಉತ್ತರಕ್ಕೆ. ಭೂಮಿಯ ಈ ದಕ್ಷಿಣದ ತುದಿಯಲ್ಲಿ ಸೂರ್ಯ ಉತ್ತರಕ್ಕೆ ವಾಲಿಯೇ ಸಾಗುವುದು, ನಮ್ಮ ಕಡೆಯ ಉತ್ತರದ ಬಿಸಿಲು ಕೇಳಬೇಕೆ? ಎರಡು ಬೇಸಗೆ ಕಳೆಯುವಷ್ಟರಲ್ಲಿ ಅಕ್ಷರಗಳು ಮುಪ್ಪಾಗಿಬಿಟ್ಟವು.

ಹೋದ ವರ್ಷ ಗ್ಯಾರೇಜು ಕೆಡವಿದರು, ಗೋಡೆ ಬೀದಿಗೆ ಕಂಡಿತು. ಚಿಕ್ಕಮ್ಮ ಬಾಡಿಗೆಗಿರುವುದೂ ಸೇರಿ ಆ ಸಾಲಿನ ಮೂರೂ ಅಂಗಡಿಗಳನ್ನು ಅಷ್ಟರಲ್ಲೇ ಒಬ್ಬ ಬಿಲ್ಡರು ಕೊಂಡಿದ್ದ. ಕೆಡವುವುದೊಂದೇ ಬಾಕಿ. ಆಗ ಬಂದರು ನೋಡಿ, ಹಳೆಯ ಗೋಡೆಬರಹಗಳನ್ನು ಕಾಪಾಡುವ ಸಂಘದವರು. ಗೋಡೆ ನೋಡಿ ಕಣ್ಣೊರೆಸಿಕೊಂಡರು, ಅರ್ಜಿ ಹಾಕಿದರು, ಸಹಿ ಹಾಕಿಸಿದರು. ಐವತ್ತು ವರ್ಷದ ಹಿಂದಿನ ಅಮೂಲ್ಯ ಬರಹವೆಂದು ಕೆಡವುವ ಕೆಲಸಕ್ಕೆ ತಡೆ ಬಿತ್ತು. ಬರೆದವಳು ಯಾರೆಂದು ಇಡೀ ಕೇರಿಗೆ ಗೊತ್ತು, ಆದರೆ ಯಾರೂ ತುಟಿ ಬಿಚ್ಚಲಿಲ್ಲ.

ಈಗ ಶನಿವಾರ ಬಂದರೆ ಗೋಡೆಯ ಮುಂದೆ ಜನ. ಸಂಘದ ನಿವೃತ್ತ ಮೇಷ್ಟ್ರೊಬ್ಬರು ಕೋಲಿನಿಂದ ತೋರಿಸಿ ವಿವರಿಸುತ್ತಾರೆ: "ಪಾಪ, ದೋಣೀಲಿ ಬಂದ ಯಾರೋ ಮುದುಕ. ಹೆಸರು ಗೊತ್ತಿಲ್ಲ, ಎಂದೋ ತೀರಿಕೊಂಡಿರಬೇಕು. ಇಂಥ ಕೈ ಈಗಿನ ಹುಡುಗರಿಗೆ ಎಲ್ಲಿಂದ ಬರುತ್ತೆ?" ಜನ ನಿಟ್ಟುಸಿರು ಬಿಡುತ್ತಾರೆ. ಅವರ ಹಿಂದೆಯೇ ಬಣ್ಣದ ಡಬ್ಬ ಹಿಡಿದು ನಿಂತ ತ್ರುಕ್ ಹಲ್ಲು ಕಡಿಯುತ್ತಾಳೆ. ನನಗೂ ಉರಿಯಿತೆನ್ನಿ. ಇಷ್ಟು ವರ್ಷದಿಂದ ಬರೆಯುತ್ತಿದ್ದೇನೆ, ನನ್ನ ಒಂದು ಸಾಲನ್ನಾದರೂ ಯಾರೂ ಹೀಗೆ ಬಿಸಿಲಲ್ಲಿ ನಿಂತು ಓದಿದ್ದಿಲ್ಲ.

"ಹೊಗಳಿದ್ದೂ ನನ್ನನ್ನೇ, ಬೈದಿದ್ದೂ ನನ್ನನ್ನೇ. ಯಾವುದಕ್ಕೆ ಮುಖ ಕೊಡ್ಲಿ ಹೇಳಿ ಅಣ್ಣಾ?" ಎನ್ನುತ್ತಾಳೆ.

ಅಷ್ಟಕ್ಕೇ ಮುಗಿದಿದ್ದರೆ ಸಹಿಸಿಕೊಳ್ಳುತ್ತಿದ್ದಳೇನೋ. ವೈನಿನಂಗಡಿಯವನಿಗೆ ಕೊನೆಗೂ ಒಂದು ಬೋರ್ಡು ಬೇಕಾಯಿತು. ತ್ರುಕ್ ಮಾದರಿ ಬರೆದು ಒಯ್ದಳು. ಅವನು ತಲೆ ವಾರೆ ಮಾಡಿ ನೋಡಿ ಹೇಳಿದನಂತೆ: "ನೀಟಾಗಿದೆ, ಆದ್ರೆ ಜೀವ ಇಲ್ಲ. ಆ ಗೋಡೆ ಮುದುಕನ್ನ ನೋಡಿ ಸ್ವಲ್ಪ ಕಲಿ." ಅವತ್ತು ಅವಳು ಊಟ ಮಾಡಲಿಲ್ಲ. ಚಿಕ್ಕಮ್ಮ ಇಟ್ಟ ಫ಼ೊ ಸಾರು ಬಟ್ಟಲಲ್ಲೇ ಆರಿಹೋಯಿತು.

"ಆ ಮುದುಕನ ಮೇಲೆ ನಂಗೆ ಎಂಥಾ ಹೊಟ್ಟೆಕಿಚ್ಚು ಗೊತ್ತಾ? ಅವ್ನಿಗೆ ಬಾಡಿಗೆ ಇಲ್ಲ, ಚಳಿ ಇಲ್ಲ, ಬೆಳಗಾದ್ರೆ ಅಳಿಸೋ ಕೆಲಸ ಇಲ್ಲ. ಹುಟ್ಟಲೇ ಇಲ್ಲ ನೋಡಿ, ಆದ್ರೂ ನನಗಿಂತ ಚೆನ್ನಾಗಿ ಬದುಕ್ತಿದಾನೆ. ಒಂದಿನ ತಡೀಲಾರದೆ ಸುಣ್ಣದ ಬಕೆಟ್ ತಗೊಂಡು ಗೋಡೆ ಮುಂದೆ ನಿಂತಿದ್ದೆ."

ಚಿಕ್ಕಮ್ಮ ಲಿಯೆನ್ ಬಾಗಿಲಿಗೆ ಬಂದು ಸೊಂಟಕ್ಕೆ ಕೈ ಇಟ್ಟುಕೊಂಡರಂತೆ. "ಬಳಿ, ಚೆನ್ನಾಗಿ ಬಳಿ. ನಾಳೆನೇ ಬುಲ್ಡೋಜರ್ ಬರುತ್ತೆ. ನನ್ನ ಕತ್ತರಿ, ನಿನ್ನ ಹಾಸಿಗೆ ಎರಡೂ ಫುಟ್‌ಪಾತಿಗೆ. ಆಮೇಲೆ ಫುಟ್‌ಪಾತಿನ ಮೇಲೆ ನಿನ್ನ ಹೆಸರು ಬರ್ಕೋ, ಯಾರು ಬೇಡ ಅಂತಾರೆ?"

ತ್ರುಕ್ ಬಕೆಟ್ಟನ್ನು ಒಳಗಿಟ್ಟಳು. ಬರೆದದ್ದು ತಾನೇ ಎಂದು ಅವಳು ಬಾಯಿ ಬಿಟ್ಟರೆ ಗೋಡೆಯ ವಯಸ್ಸು ನಾಲ್ಕಕ್ಕೆ ಇಳಿಯುತ್ತದೆ, ಅಂಗಡಿ ಹೋಗುತ್ತದೆ. ಬಿಡದಿದ್ದರೆ ಇಡೀ ಊರು ಮೆಚ್ಚಿದ ಅವಳ ಒಂದೇ ಒಂದು ಕೆಲಸ ಎಂದೆಂದಿಗೂ ಆ ಮುದುಕನದು. ಇಷ್ಟನ್ನೆಲ್ಲ ಹೇಳಿದ ಮೇಲೆ ಅವಳು ನನ್ನ ಪೆನ್ನು ನೋಡುತ್ತಾಳೆ. "ಅಯ್ಯೋ, ಇದನ್ನೆಲ್ಲಾ ಬರೀಬೇಡಿ!"

ನಾನು ಪೆನ್ನು ಮುಚ್ಚುತ್ತೇನೆ. ಗಾಜು ಮುಗಿಸಿ ಅವಳು ಕುಂಚ ತೊಳೆಯುತ್ತಾಳೆ. ಆಮೇಲೆ ತಾನಾಗಿಯೇ ಕೇಳುತ್ತಾಳೆ: "ನೀವು ಬರೆಯೋದು ಯಾವ ಭಾಷೇಲಿ?"

"ಕನ್ನಡ."

"ಸಂಘದ ಮೇಷ್ಟ್ರು ಓದ್ತಾರಾ?"

"ಇಲ್ಲ."

"ಬಿಲ್ಡರು?"

"ಅವನು ನಕ್ಷೆ ಬಿಟ್ರೆ ಏನೂ ಓದಲ್ಲಮ್ಮ."

ಅವಳು ನನ್ನನ್ನು ಚಿಕ್ಕಮ್ಮನ ಬಳಿ ಕರೆದೊಯ್ಯುತ್ತಾಳೆ. ಲಿಯೆನ್ ಬಟ್ಟೆ ಅಳೆಯುವುದನ್ನು ನಿಲ್ಲಿಸಿ ನನ್ನನ್ನು ದಿಟ್ಟಿಸುತ್ತಾರೆ. "ನಿಮ್ಮೋರು ಬಾಯಿ ಬಿಡಲ್ಲ ತಾನೇ?" ಓದುಗರೇ, ನಿಮ್ಮೆಲ್ಲರ ಪರವಾಗಿ ನಾನು ಮಾತು ಕೊಟ್ಟುಬಿಟ್ಟಿದ್ದೇನೆ. ಬೀದಿಯ ಹೆಸರು ಬರೆಯದಿರುವುದೂ ಅದಕ್ಕೇ.

"ನನ್ನ ಹೆಸರು ನಿಮ್ಮಕ್ಷರದಲ್ಲಿ ಹೆಂಗಿರುತ್ತೆ, ತೋರ್ಸಿ" ಎನ್ನುತ್ತಾಳೆ ತ್ರುಕ್. ಅಲ್ಲೇ ಬಿದ್ದಿದ್ದ ರಟ್ಟಿನ ಮೇಲೆ ಬರೆದುಕೊಡುತ್ತೇನೆ. ಅವಳು ಒಮ್ಮೆ ನೋಡಿ, ಕುಂಚ ಅದ್ದಿ, ಅದರ ಕೆಳಗೆ ತಾನೂ ಬರೆಯುತ್ತಾಳೆ. ನನ್ನ ಭಾಷೆಯ ಅಕ್ಷರ ಅವಳ ಕೈಯಲ್ಲಿ ನನ್ನದಕ್ಕಿಂತ ದುಂಡಗೆ ಮೂಡುತ್ತದೆ. ನನಗೆ ಹೊಟ್ಟೆಯೊಳಗೆ ಕಿಚ್ಚು ಹತ್ತುತ್ತದೆ, ಸುಳ್ಳೇಕೆ ಹೇಳಲಿ.

ಅವಳು ರಟ್ಟನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಡುತ್ತಾಳೆ.

"ದಪ್ಪಕ್ಷರದಲ್ಲಿ ಹಾಕ್ಸಿ ಅಣ್ಣಾ. ಆ ಗೋಡೆ ಬರೆದೋಳು ಲಾಮ್ ತ್ರುಕ್, ಅವ್ಳಿನ್ನೂ ಬದುಕಿದಾಳೆ ಅಂತ."