ವೇಣಿಯ ಮನೆಮಾತು

ಕೊರೊನಾ ಮುಗಿದ ಮರುವರ್ಷ. ನಾನು ಚಿಕ್ಕಬಳ್ಳಾಪುರದ ಒಂದು ದತ್ತು ಕೇಂದ್ರದಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ದತ್ತು ಹೋಗುವ ಪ್ರತಿ ಮಗುವಿನ ‘ಚೈಲ್ಡ್ ಸ್ಟಡಿ ರಿಪೋರ್ಟ್’ ಬರೆಯುವುದು ನನ್ನ ಕೆಲಸ. ತೂಕ, ಲಸಿಕೆ, ಸ್ವಭಾವ, ಮನೆಮಾತು ಎಲ್ಲ ಅದರಲ್ಲಿರಬೇಕು. ದೂರದ ತಂದೆತಾಯಿಗೆ ಮಗುವಿನ ಪರಿಚಯವಾಗುವುದೇ ಆ ಕಾಗದದಿಂದ. ನನ್ನ ರಿಪೋರ್ಟಿನಲ್ಲಿ ತಪ್ಪು ಹುಡುಕಿದವರಿಲ್ಲ ಎಂಬ ಜಂಬ ನನಗಿತ್ತು.

ಆ ವರ್ಷ ಇಟಲಿಯಿಂದ ಪಾವೊಲಾ, ಮಾರ್ಕೊ ದಂಪತಿ ಬಂದರು. ಅವರಿಗೆಂದು ಗೊತ್ತುಮಾಡಿದ್ದ ಮಗು ಆರು ವರ್ಷದ ವೇಣಿ, ದಿಬ್ಬೂರಹಳ್ಳಿ ಕಡೆಯವಳು. ಸಾಕಿದ ಅಜ್ಜಿ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದು ವರ್ಷವಾಗಿತ್ತು. ಪಾವೊಲಾ ಪಟ್ಟು ಹಿಡಿದು ಕನ್ನಡ ಕಲಿತಿದ್ದಳು. “ನೀನು ಊಟ ಮಾಡಿದೆಯಾ?” ಎಂದು ಬಿಡಿಸಿ ಬಿಡಿಸಿ ಕೇಳುತ್ತಿದ್ದಳು. ವೇಣಿ ಮೇಷ್ಟ್ರ ಮುಂದೆ ನಿಂತಂತೆ ಕೈಕಟ್ಟಿ “ಹೂಂ” ಎನ್ನುವಳು, ಅಷ್ಟೇ.

ಐದು ದಾಟಿದ ಮಗುವನ್ನು ಅದರ ಒಪ್ಪಿಗೆಯಿಲ್ಲದೆ ದತ್ತು ಕೊಡುವಂತಿಲ್ಲ. ದತ್ತು ಆದೇಶಕ್ಕೆ ಸಹಿ ಹಾಕುವ ಜಿಲ್ಲಾ ಅಧಿಕಾರಿಗಳು, “ಇವ್ರ ಜೊತೆ ಹೋಗ್ತೀಯೇನಮ್ಮಾ?” ಎಂದು ಕೇಳಿದಾಗ ವೇಣಿ ನೆಲ ನೋಡಿದಳು.

“ಮಗು ಒಪ್ಪದೆ ನಾನು ಸಹಿ ಹಾಕಲ್ಲ. ಹತ್ತು ದಿನ ಬಿಟ್ಟು ಕರ್ಕೊಂಡ್ ಬನ್ನಿ,” ಎಂದರು ಅಧಿಕಾರಿಗಳು.

ಆಗಲೂ ಒಪ್ಪದಿದ್ದರೆ ಆ ದಂಪತಿ ಬರಿಗೈಯಲ್ಲಿ ಮರಳಬೇಕಿತ್ತು. ವೇಣಿಗೆ ಮತ್ತೆ ಯಾರು ಸಿಗುತ್ತಾರೋ, ಸಿಗುತ್ತಾರೋ ಇಲ್ಲವೋ ಯಾರಿಗೆ ಗೊತ್ತು?

ಮಾರ್ಕೊ ಬೇಸರದಿಂದ ಲಾಡ್ಜಿನ ಕೋಣೆ ಬಿಟ್ಟು ಬರಲಿಲ್ಲ. ಪಾವೊಲಾ ಮಾತ್ರ ಬೆಳಿಗ್ಗೆಯೇ ನಮ್ಮ ಕೇಂದ್ರದ ಎದುರಿಗೆ ಹೂ ಕಟ್ಟುವ ಯಶೋದಮ್ಮನ ಪಕ್ಕ ಹೋಗಿ ಕೂರುತ್ತಿದ್ದಳು. ಬಸ್ಸಿಗೆ ಓಡುವವರು, ಇಡ್ಲಿ ಪೊಟ್ಟಣ ಕಟ್ಟಿಸುವವರು, ಸ್ಕೂಟರಿನಲ್ಲಿ ಮೂರು ಮಕ್ಕಳನ್ನು ಪೇರಿಸಿಕೊಂಡ ಅಪ್ಪಂದಿರು, ಎಲ್ಲರನ್ನೂ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವಳು. ಪಾಪ, ಹೊತ್ತು ಕಳೆಯುತ್ತಿದ್ದಾಳೆ ಎಂದುಕೊಂಡೆ.

ಆರನೆಯ ದಿನ ಅವಳು ಕಚೇರಿಗೆ ಬಂದು ಇಂಗ್ಲಿಷಿನಲ್ಲಿ ಕೇಳಿದಳು: “ಮೇಡಂ, ಇಲ್ಲಿನ ತಾಯಂದಿರು ಅಂಗಡಿಯವನ ಹತ್ತಿರ ಕನ್ನಡ ಆಡುತ್ತಾರೆ. ಮಗುವಿನ ಕಡೆ ತಿರುಗಿದರೆ ಬೇರೆ ಮಾತು. ವೇಣಿಯ ಅಜ್ಜಿ ಯಾವ ಮಾತಾಡುತ್ತಿದ್ದರು?”

ಫೈಲು ತೆಗೆದೆ. ‘ಮನೆಮಾತು: ಕನ್ನಡ’. ನನ್ನದೇ ಕೈಬರಹ. ನಾಚಿಕೆಯಿಂದ ಕುಗ್ಗಿಹೋದೆ. ಆಂಧ್ರದ ಗಡಿಗೆ ಹತ್ತಿರದ ನಮ್ಮ ಕಡೆ ಎಷ್ಟೋ ಜನಕ್ಕೆ ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ನನ್ನ ಮನೆಯಲ್ಲೂ ಅಷ್ಟೇ, ವೇಣಿಯ ಅಜ್ಜಿಯ ಮನೆಯಲ್ಲೂ ಅಷ್ಟೇ. ಆದರೆ ಫಾರಂ ಮುಂದೆ ಬಂದರೆ ಕೈ ತಾನಾಗಿ ‘ಕನ್ನಡ’ ಎಂದು ಬರೆದುಬಿಡುತ್ತದೆ. ಶಾಲೆಗೆ ಒಳ್ಳೆಯದೆಂದು ಕೇಂದ್ರದಲ್ಲೂ ಮಕ್ಕಳಿಂದ ಕನ್ನಡವನ್ನೇ ಆಡಿಸುತ್ತಿದ್ದೆವು. ನನ್ನ ತಪ್ಪನ್ನು ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ, ಸೀದಾ ಯಶೋದಮ್ಮನ ಬಳಿಗೆ ನಡೆದಳು. ನಾನೂ ಹಿಂದೆಯೇ ಹೋದೆ.

“ಮೇಡಮ್ಮೋರ ಥರ ನಿಂತ್ಕೊಂಡ್ ಕೇಳ್ಬೇಡ ಕಣಮ್ಮ, ಪಕ್ಕದಲ್ಲಿ ಕೂತ್ಕೊಂಡ್ ಕೇಳು,” ಎಂದು ಯಶೋದಮ್ಮ ಒಂದು ತೆಲುಗು ಮಾತು ಕಲಿಸಿದಳು. ಆ ಏಟು ನನಗೂ ತಗುಲಿತು.

ಮಧ್ಯಾಹ್ನ ಪಾವೊಲಾ ವೇಣಿಯ ಪಕ್ಕ ನೆಲದ ಮೇಲೆ ಕೂತು, “ಬುವ್ವ ತಿನ್ನಾವಾ ತಲ್ಲೀ?” ಎಂದಳು. ಊಟ ಆಯ್ತಾ ತಾಯಿ ಎಂದು ನಮ್ಮ ಅಜ್ಜಿಯರು ಕೇಳುವ ಮಾತು. ವೇಣಿ ತಲೆಯೆತ್ತಿ ಅವಳನ್ನೇ ನೋಡಿದಳು. ಆಮೇಲೆ ಮೆಲ್ಲಗೆ, “ನುವ್ವು ತಿನ್ನಾವಾ?” ಎಂದು ಅವಳ ಊಟವನ್ನು ವಿಚಾರಿಸಿದಳು. ನಾನು ಉಗ್ರಾಣದೊಳಗೆ ಹೋಗಿ ಅತ್ತೆ.

ಹತ್ತನೆಯ ದಿನ ಅಧಿಕಾರಿಗಳ ಮುಂದೆ ವೇಣಿ ಪಾವೊಲಾಳ ಬೆರಳು ಹಿಡಿದುಕೊಂಡು, “ಹೋಗ್ತೀನಿ ಸಾರ್,” ಎಂದಳು.

ಕಾಲಂ ತುಂಬುವುದು ಬೇರೆ, ಮಗುವನ್ನು ತಿಳಿಯುವುದು ಬೇರೆ. ವೃತ್ತಿ ನನಗೆ ಕಲಿಸಿದ ಪಾಠ ಇದು, ಅದೂ ತಡವಾಗಿ. ವರ್ಷವಿಡೀ ಆ ಮಗುವಿಗೆ ಎಷ್ಟೋ ಸಲ ನಾನೇ ಅನ್ನ ಬಡಿಸಿದ್ದೆ. ಅವಳ ಅಜ್ಜಿಯ ಮಾತು ನನಗೂ ಬರುತ್ತಿತ್ತು. ಒಂದು ದಿನವೂ ಆಡಲಿಲ್ಲ.